ವೈಸ್ ಕೊಳ್ಳುವ ಮುಂಚೆ ಅಲ್ಲಾಡಿಸಿ ನೋಡಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಕೇಳುಗರಿಗೆಲ್ಲ ನಮಸ್ಕಾರ.

ನಾನು ಐಟಿಐಯಲ್ಲಿ ಫಿಟ್ಟರ್ ಹುಡುಗರಿಗೆ ಪಾಠ ಹೇಳುವವನು. "ಸರ್, ಮನೆಗೆ ಒಂದು ಬೆಂಚ್ ವೈಸ್ ಬೇಕು, ಯಾವ ಕಂಪನೀದು ತಗೊಳ್ಳಲಿ?" ಅಂತ ಜನ ಕೇಳುತ್ತಲೇ ಇರುತ್ತಾರೆ. ವೈಸ್ ಅಂದರೆ ಮೇಜಿಗೆ ಬಿಗಿದು, ಕೆಲಸದ ಸಾಮಾನನ್ನು ಎರಡು ದವಡೆಗಳ ನಡುವೆ ಕಚ್ಚಿ ಹಿಡಿಯುವ ಸಾಧನ. ಕಂಪನಿ ಆಮೇಲೆ. ಮೊದಲು ಅಂಗಡಿಯಲ್ಲೇ ವೈಸಿನ ಬಾಯಿ ಅರ್ಧ ತೆರೆಯಿರಿ. ಸರಿದಾಡುವ ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಗಡಗಡ ಅಂದರೆ ಅಲ್ಲೇ ಬಿಟ್ಟು ಬನ್ನಿ.

ಯಾಕೆ ಅಂತೀರಾ? ಸಡಿಲ ದವಡೆ ಬಿಗಿ ಮಾಡಿದಾಗ ತಲೆ ಹಿಂದಕ್ಕೆ ವಾಲುತ್ತದೆ. ನೀವು ಕೊಯ್ಯಲು ಇಟ್ಟ ಕಬ್ಬಿಣದ ಪಟ್ಟಿಯನ್ನು ದವಡೆಯ ಕೆಳಗಿನ ಅಂಚಷ್ಟೇ ಹಿಡಿದಿರುತ್ತದೆ. ಗರಗಸ ಹಾಕಿದರೆ ಪಟ್ಟಿ ಜಾರುತ್ತದೆ, ಬ್ಲೇಡ್ ಪಟ್ ಅಂತ ಮುರಿಯುತ್ತದೆ. ನೀವು ಸಿಟ್ಟಿನಲ್ಲಿ ಇನ್ನೂ ಬಿಗಿ ಮಾಡುತ್ತೀರಿ, ಬೀಡು ಕಬ್ಬಿಣದ ವೈಸೇ ಸೀಳುತ್ತದೆ.

ಸಿಂಧನೂರು ಕಡೆಯ ರೈತರೊಬ್ಬರು ನನಗೆ ಪರಿಚಯ. ಕುಂಟೆಯ ಕುಡಕ್ಕೆ ಅರ ಹಾಕಲು, ಪಂಪ್‌ಸೆಟ್ಟಿನ ಬೋಲ್ಟ್ ಬಿಚ್ಚಲು ಅವರಿಗೆ ವೈಸ್ ಬೇಕಿತ್ತು. ಇಬ್ಬರೂ ಅಂಗಡಿಗೆ ಹೋದೆವು. ಎದುರಿಗೇ ನೀಲಿ ಬಣ್ಣದ ವೈಸ್, ಪಳಪಳ ಹೊಳೆಯುತ್ತಿತ್ತು. "ಮಾಸ್ತರ್ರ, ಇದು ಚೆಂದೈತಿ ನೋಡ್ರಿ" ಅಂದರು. ನಾನು ಬಾಯಿ ತೆರೆದು ಅಲ್ಲಾಡಿಸಿದೆ. ಬೀಳುವ ಹಲ್ಲಿನ ಹಾಗೆ ಆಡಿತು. ಅಂಗಡಿಯವರು "ಹೊಸದಕ್ಕೆ ಹಂಗೇ ಇರ್ತೈತ್ರಿ, ಬಿಗಿ ಮಾಡಿದ್ರ ಸರಿ ಹೋಗ್ತದ" ಅಂದರು. ಸರಿ, ಬಿಗಿ ಮಾಡಿಯೇ ನೋಡೋಣ ಅಂತ ಬಿಲ್ ಪುಸ್ತಕದಿಂದ ಎರಡು ಕಾಗದದ ಚೂರು ಹರಿದುಕೊಂಡೆ. ದವಡೆಯ ಆ ತುದಿಗೊಂದು, ಈ ತುದಿಗೊಂದು ಇಟ್ಟು ಮುಚ್ಚಿದೆ. ಎಡಗಡೆಯದು ಗಟ್ಟಿಯಾಗಿ ಕೂತಿತ್ತು, ಬಲಗಡೆಯದು ಎಳೆದ ಕೂಡಲೇ ಕೈಗೆ ಬಂತು. ಅಂದರೆ ದವಡೆ ಸಮನಾಗಿ ಮುಚ್ಚುತ್ತಿರಲಿಲ್ಲ. ಆಮೇಲೆ ತಿರುಗಿಸಿ ಅಡಿ ನೋಡಿದೆ. ಉಗುರಿನಿಂದ ಕೆರೆದರೆ ಬಣ್ಣದ ಜೊತೆ ಪುಟ್ಟಿ ಉದುರಿತು. ಒಳಗೆ ಎರಕದ ತೂತು! ರೈತರು ಮಾತಾಡಲಿಲ್ಲ, ಮೂಲೆಯಲ್ಲಿದ್ದ ಬೂದು ಬಣ್ಣದ ವೈಸ್ ಎತ್ತಿ ತಂದರು. ಅದಕ್ಕೆ ಹೊಳಪಿಲ್ಲ, ತೂಕ ಜಾಸ್ತಿ. ಅಲ್ಲಾಡಿಸಿದರೆ ಸದ್ದೇ ಇಲ್ಲ. ದವಡೆಗಳು ಎರಡೂ ಕಾಗದವನ್ನು ಗಟ್ಟಿಯಾಗಿ ಕಚ್ಚಿ ಹಿಡಿದವು. ಅದು ಅವರ ಕೊಟ್ಟಿಗೆಯಲ್ಲಿ ಇವತ್ತಿಗೂ ಕೆಲಸ ಮಾಡುತ್ತಿದೆ.

ಗುಜರಿಯಲ್ಲಿ ಹಳೆಯದು ಸಿಕ್ಕರೂ ಇದೇ ಮಾತು. ದವಡೆಗೆ ಬಿಗಿದ ಉಕ್ಕಿನ ಪಟ್ಟಿ ಸವೆದಿದ್ದರೆ ಚಿಂತೆಯಿಲ್ಲ, ಸ್ಕ್ರೂ ಬಿಚ್ಚಿ ಬೇರೆ ಹಾಕಬಹುದು. ದವಡೆಯೇ ಆಡಿದರೆ ಏನು ಮಾಡುತ್ತೀರಿ? ಅಲ್ಲಾಡಿಸಿ ನೋಡಿ, ದಯವಿಟ್ಟು.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 100 ಮಿಲಿಮೀಟರ್ ವೈಸ್ ಅಂದರೆ ಅದು ದವಡೆಯ ಅಗಲ, ಬಾಯಿ ತೆರೆಯುವ ಅಳತೆ ಅಲ್ಲ. ಮನೆಗೆ 100 ಸಾಕು, ಹೊಲದ ಸಾಮಾನು ಇದ್ದರೆ 125 ತಗೊಳ್ಳಿ. ತಿರುಗುವ ಬುಡ ಬೇಡ. ಸುತ್ತಿಗೆ ಪೆಟ್ಟು ಜಾಸ್ತಿ ಇರುವವರು ಬೀಡು ಬಿಟ್ಟು ಉಕ್ಕಿನದು ಕೇಳಿ. ಮೇಜಿಗೆ ಕೂರಿಸುವಾಗ ದವಡೆಯ ತಲೆ ನಿಂತವರ ಮೊಳಕೈ ಎತ್ತರಕ್ಕೆ ಬರಲಿ. ಕದಲದ ದವಡೆ ಮೇಜಿನ ಅಂಚಿನಿಂದ ಚೂರು ಹೊರಗೆ ಇರಲಿ, ಉದ್ದನೆಯ ಪೈಪನ್ನು ನೆಟ್ಟಗೆ ಇಳಿಬಿಟ್ಟು ಹಿಡಿಯಬಹುದು. ಸುಮ್ನೆ ಮೊಳೆ ಹೊಡೆಯಬೇಡಿ, ಹಲಗೆಯ ಆಚೆ ತೂರುವ ಬೋಲ್ಟ್, ಅಡಿಗೆ ವಾಷರ್ ಹಾಕಿ. ಹಿಡಿಕೆಗೆ ಪೈಪ್ ತೂರಿಸಿ ತಿರುಗಿಸುವುದು ಬೇಡವೇ ಬೇಡ. ಪೆಟ್ಟು ಯಾವಾಗಲೂ ಕದಲದ ದವಡೆಯ ಕಡೆಗೆ ಬೀಳಬೇಕು.

ಇನ್ನು ನಮ್ಮ ಎರೆಮಣ್ಣಿನ ಧೂಳು. ಸ್ಕ್ರೂಗೆ ಗ್ರೀಸ್ ಹಚ್ಚುವಾಗ ಹಳೇ ಗ್ರೀಸನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಆಮೇಲೆ ಹೊಸದು ಹಚ್ಚಿ. ಧೂಳಿನ ಮೇಲೆ ಹಚ್ಚಿದರೆ ಥ್ರೆಡ್ ಸವೆಯುತ್ತದೆ. ನಮಸ್ಕಾರ.