ಒಂದೇ ಕಮಾಂಡ್‌ಗೆ ಸೈಟ್ ಚಾಲೂ! ಒಳಗೆ ನಡೆಯುವುದೇನು?

ನಮಸ್ಕಾರ್ರೀ, ಕಲಬುರಗಿಯಿಂದ. ಇಲ್ಲೇ ದಾಲ್ ಮಿಲ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುವ ವೀಕ್ಷಕರೊಬ್ಬರು ಕೇಳಿದ್ದಾರೆ: "ಅಣ್ಣ, ಉಬುಂಟು ಸರ್ವರ್‌ದಾಗ ಎ2ಎನ್‌ಸೈಟ್ ಅಂತ ಹೊಡೆದ್ರ ಸೈಟ್ ಚಾಲೂ ಆಗ್ತದ. ಅದು ಒಳಗ ಏನ್ ಮಾಡ್ತದರೀ?"

ಉಬುಂಟು ಅನ್ನುವ ಲಿನಕ್ಸ್‌ನಲ್ಲಿ ಇದು ಅಪಾಚೆಯ ಕಮಾಂಡ್. ಅಪಾಚೆ ಒಂದು ವೆಬ್ ಸರ್ವರ್, ಅಂದರೆ ಬ್ರೌಸರ್ ಕೇಳಿದ ಪುಟ ಕೊಡುವ ಸಾಫ್ಟ್‌ವೇರ್. ಒಂದೇ ಮಷೀನ್‌ನಲ್ಲಿ ಹತ್ತಾರು ಸೈಟ್ ನಡೆಸುತ್ತದೆ. ಸೈಟ್‌ಗೊಂದು ಕಾನ್ಫಿಗ್ ಫೈಲ್, ಅಂದರೆ ಸೆಟ್ಟಿಂಗ್ಸ್ ಬರೆದಿಡುವ ಫೈಲ್. ಇಷ್ಟು ಗೊತ್ತಿದ್ದರೆ ಸಾಕು.

[ಟರ್ಮಿನಲ್ ತೋರಿಸಿ]

ಇಲ್ಲಿ ಎರಡು ಫೋಲ್ಡರ್ ಇವೆ, ಸೈಟ್ಸ್-ಅವೈಲಬಲ್ ಮತ್ತು ಸೈಟ್ಸ್-ಎನೇಬಲ್ಡ್. ಫೈಲ್ ಬರೆದಿಡುವುದು ಮೊದಲನೆಯದರಲ್ಲಿ. ಅಪಾಚೆ ಓದುವುದು ಎರಡನೆಯದನ್ನು. ಎ2ಎನ್‌ಸೈಟ್ ಫೈಲನ್ನು ಕಾಪಿ ಮಾಡುವುದಿಲ್ಲ. ಮೊದಲನೆಯದರಲ್ಲಿರುವ ಫೈಲಿಗೆ ಎರಡನೆಯದರಲ್ಲಿ ಒಂದು ಲಿಂಕ್ ಹಾಕುತ್ತದೆ, ಅಷ್ಟೇ. ನೆಹರೂ ಗಂಜ್‌ನಲ್ಲಿ ನಿಮ್ಮದೊಂದು ಅಂಗಡಿ ಇದೆ ಅಂದುಕೊಳ್ಳಿ. ತೊಗರಿ ಚೀಲ ಗೋದಾಮಿನಲ್ಲಿ, ಅಂಗಡಿ ಮುಂದೆ 'ಮಾಲು ಅಲ್ಲಿದೆ' ಅನ್ನುವ ಚೀಟಿ. ಚೀಟಿ ಕಿತ್ತರೆ ವ್ಯಾಪಾರ ಬಂದ್, ಚೀಲಕ್ಕೆ ಏನೂ ಆಗುವುದಿಲ್ಲ. ಎ2ಡಿಸ್‌ಸೈಟ್ ಕಮಾಂಡ್ ಆ ಚೀಟಿಯನ್ನು ಕೀಳುತ್ತದೆ.

ಈಗ ಮಜಾ ನೋಡ್ರಿ. ಎ2ಎನ್‌ಸೈಟ್ ಎಲ್ಲಿದೆ ಅಂತ ಹುಡುಕಿದರೆ, ಅದೂ ಒಂದು ಲಿಂಕೇ! ಎ2ಎನ್‌ಮಾಡ್ ಅನ್ನುವ ಇನ್ನೊಂದು ಫೈಲಿಗೆ. ಎ2ಡಿಸ್‌ಸೈಟ್ ಕೂಡ ಅಲ್ಲಿಗೇ. ಎ2ಡಿಸ್‌ಮಾಡ್, ಎ2ಎನ್‌ಕಾನ್ಫ್, ಎ2ಡಿಸ್‌ಕಾನ್ಫ್ ಎಲ್ಲವೂ ಅಲ್ಲಿಗೇ. ಇರುವುದು ಒಂದೇ ಸ್ಕ್ರಿಪ್ಟ್, ಪರ್ಲ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಂ. ತನ್ನನ್ನು ಯಾವ ಹೆಸರಿನಿಂದ ಕರೆದರು ಅಂತ ಅದು ನೋಡಿಕೊಳ್ಳುತ್ತದೆ. ಹೆಸರಲ್ಲಿ 'ಎನ್' ಇದ್ದರೆ ಲಿಂಕ್ ಹಾಕುತ್ತದೆ, 'ಡಿಸ್' ಇದ್ದರೆ ತೆಗೆಯುತ್ತದೆ. ಲಿಂಕ್ ಹಾಕುವ ಟೂಲೇ ಲಿಂಕ್! ಬರೆದವರು ಸೋಮಾರಿಗಳು ಅನ್ನಬಹುದು. ನನಗಂತೂ ಇಂಥ ಸೋಮಾರಿತನ ಬಹಳ ಇಷ್ಟ.

ಒಂದು ಎಚ್ಚರಿಕೆ. ನಿಮ್ಮ ಫೈಲ್‌ನಲ್ಲಿ ತಪ್ಪಿದ್ದರೂ ಇದು ಸುಮ್ನೆ ಲಿಂಕ್ ಹಾಕಿಬಿಡುತ್ತದೆ. ಅಪಾಚೆ ಹೊಸ ಸೆಟ್ಟಿಂಗ್ಸ್ ಓದಲು ರೀಲೋಡ್ ಆಗಬೇಕು, ಅದನ್ನೂ ಇದು ಮಾಡುವುದಿಲ್ಲ, ಮಾಡಿ ಅಂತ ಹೇಳಿ ಸುಮ್ಮನಾಗುತ್ತದೆ. ಹಾಗಾಗಿ ಮೊದಲು ಫೈಲ್‌ನಲ್ಲಿನ ತಪ್ಪು ಹುಡುಕುವ ಕಾನ್ಫಿಗ್‌ಟೆಸ್ಟ್ ಕಮಾಂಡ್. 'ಸಿಂಟ್ಯಾಕ್ಸ್ ಓಕೆ' ಬಂದ ಮೇಲೆ ರೀಲೋಡ್.

ಟೈಮ್ ಆಗ್ತಾ ಬಂತು, ಉಳಿದದ್ದು ಫಾಸ್ಟಾಗಿ. ಎಂಜಿನ್‌ಎಕ್ಸ್ ಇನ್ನೊಂದು ವೆಬ್ ಸರ್ವರ್. ಉಬುಂಟುವಿನ ಎಂಜಿನ್‌ಎಕ್ಸ್‌ನಲ್ಲೂ ಇವೇ ಎರಡು ಫೋಲ್ಡರ್ ಇವೆ, ಆದರೆ ಇಂಥ ಕಮಾಂಡ್ ಇಲ್ಲ. ಲಿಂಕ್ ಕೈಯಿಂದಲೇ ಹಾಕಬೇಕು, ಫೈಲಿನ ಪೂರ್ತಿ ಪಾತ್ ಕೊಡಿ. ಎಚ್‌ಟಿಟಿಪಿಎಸ್‌ಗೆ, ಅಂದರೆ ಸೈಟ್‌ನ ಸುರಕ್ಷಿತ ಸಂಪರ್ಕಕ್ಕೆ, ಸರ್ಟ್‌ಬಾಟ್ ಅನ್ನುವ ಟೂಲ್ ಇದೆ, ಸರ್ಟಿಫಿಕೇಟ್ ತಂದು ಕಾನ್ಫಿಗ್ ಫೈಲನ್ನೂ ತಾನೇ ತಿದ್ದುತ್ತದೆ. 2015ರಲ್ಲಿ ಬಂದ ಕ್ಯಾಡಿ ಅನ್ನುವ ವೆಬ್ ಸರ್ವರ್‌ಗೆ ಅದೂ ಬೇಡ. ಡೊಮೇನ್ ಹೆಸರು ಬರೆದರೆ ಸರ್ಟಿಫಿಕೇಟನ್ನು ತಾನೇ ತರುತ್ತದೆ. ಹೊಸ ಸೈಟ್ ಆದರೆ ನಾನು ಕ್ಯಾಡಿಯನ್ನೇ ಹಾಕುತ್ತೇನೆ. ಆದರೆ ಹಳೆಯ ಸೈಟ್ ಎಚ್‌ಟಿಆಕ್ಸೆಸ್ ಫೈಲ್ (ಸೈಟ್‌ನ ಫೋಲ್ಡರ್‌ನಲ್ಲೇ ಇಡುವ ಅಪಾಚೆ ಸೆಟ್ಟಿಂಗ್ಸ್ ಫೈಲ್) ನೆಚ್ಚಿಕೊಂಡಿದ್ದರೆ ಅಪಾಚೆಯಲ್ಲೇ ಇರಲಿ ಬಿಡಿ, ಕ್ಯಾಡಿ ಅದನ್ನು ಓದುವುದಿಲ್ಲ.