ಹುಡುಗನನ್ನು ಕಳಿಸಬೇಡಿ, ಜೊತೆಗೆ ಹೋಗಿ

ನಮಸ್ಕಾರ ಕೇಳುಗರೆ.

ಸಾಹಸ ಶಿಬಿರ ನಡೆಸುವ ನನ್ನಂಥವರಿಗೆ ಬರುವ ಫೋನ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಹುಡುಗ ಕೈಮೀರಿ ಹೋಗಿದ್ದಾನೆ ಸರ್. ಶಾಲೆ ಬಿಟ್ಟಿದ್ದಾನೆ. ಸಹವಾಸ ಸರಿ ಇಲ್ಲ. ಹತ್ತು ದಿನ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬೆಟ್ಟ ಗಿಟ್ಟ ಹತ್ತಿಸಿ, ಒಂದಿಷ್ಟು ಬುದ್ಧಿ ಬರಲಿ." ಆಮೇಲಿನ ಪ್ರಶ್ನೆ, ಯಾವತ್ತು ಬಂದು ಕರ್ಕೊಂಡು ಹೋಗ್ಬೇಕು ಅಂತ. ನಾನು ಕೇಳುವುದು ಒಂದೇ ಮಾತು. ಅವನ ಜೊತೆ ಯಾರು ಬರ್ತೀರಿ? ಆ ಕಡೆಯಿಂದ ಸದ್ದಿಲ್ಲ. "ನಾವಾ? ನಾವ್ಯಾಕೆ ಸರ್?"

ಯಾಕೆ ಅಂತ ಹೇಳುವುದಕ್ಕೇ ಇವತ್ತು ಈ ಮೈಕಿನ ಮುಂದೆ ಕೂತಿದ್ದೇನೆ. ಶಿಬಿರಕ್ಕೆ ಹುಡುಗ ಒಬ್ಬನೇ ಹೋಗಬಾರದು. ಅವನಿಗೆ ಸೇರಿದ ಒಬ್ಬ ದೊಡ್ಡವರು ಜೊತೆಗೆ ಹೋಗಬೇಕು. ಹೋದವರು ಅವನ ಜೊತೆಗೇ ಮನೆಗೆ ಬರಬೇಕು. ಹುಡುಗ ಅಂದಾಗಲೆಲ್ಲ ಹುಡುಗಿಯನ್ನೂ ಸೇರಿಸಿಕೊಳ್ಳಿ, ಇಬ್ಬರಿಗೂ ಇದೇ ಮಾತು.

ಇದೇನೂ ನನ್ನ ಹೊಸ ಕಲ್ಪನೆಯಲ್ಲ. ಈಗ ನಾವು ನೋಡುವ ಸಾಹಸ ಶಿಬಿರಗಳಿಗೆ ದಾರಿ ಹಾಕಿಕೊಟ್ಟವರು ಕರ್ಟ್ ಹಾನ್ ಎಂಬ ಮೇಷ್ಟ್ರು. ಜರ್ಮನಿಯವರು. ಹಿಟ್ಲರನ ವಿರುದ್ಧ ಮಾತಾಡಿ ಜೈಲಿಗೆ ಹೋಗಿ, ಆಮೇಲೆ ಬ್ರಿಟನ್‌ಗೆ ಬಂದರು. 1941ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ವೇಲ್ಸ್‌ನ ಅಬರ್‌ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಎಂಬ ಸಾಹಸ ಶಾಲೆ ಶುರು ಮಾಡಿದರು. ಅದಕ್ಕೆ ಹಣ ಹಾಕಿದವರು ಲಾರೆನ್ಸ್ ಹೋಲ್ಟ್, ಹಡಗು ಕಂಪನಿಯ ಯಜಮಾನರು. ಅವರಿಗೊಂದು ಚಿಂತೆ ಇತ್ತು. ಹಡಗು ಮುಳುಗಿದಾಗ ಗಟ್ಟಿಮುಟ್ಟಾದ ಹುಡುಗರೇ ಮೊದಲು ಸಾಯುತ್ತಿದ್ದರು. ಪುಟ್ಟ ದೋಣಿಯಲ್ಲಿ ಜೀವ ಹಿಡಿದುಕೊಂಡು ಉಳಿಯುತ್ತಿದ್ದವರು ವಯಸ್ಸಾದ ನಾವಿಕರು. ತೋಳಿನ ಬಲ ಹುಡುಗರಿಗೇ ಜಾಸ್ತಿ ಇತ್ತು. ಕೊರತೆ ಇದ್ದದ್ದು ಬೇರೆ ಕಡೆ. ಕಷ್ಟದಲ್ಲೂ ಕೈಬಿಡದೆ ಕೂರುವ ಅಭ್ಯಾಸ ಅವರಿಗಿರಲಿಲ್ಲ.

ಈ ಶಿಬಿರದಿಂದ ಉಪಯೋಗ ಇದೆಯಾ? ಇದೆ. 1960ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದ 120 ಹುಡುಗರನ್ನು ಎರಡು ಪಾಲು ಮಾಡಿದರು. 60 ಜನ ಔಟ್‌ವರ್ಡ್ ಬೌಂಡ್‌ಗೆ ಹೋದರು, ಇನ್ನು 60 ಜನ ಎಂದಿನಂತೆ ಸುಧಾರಣಾ ಇಲಾಖೆಯ ವಶದಲ್ಲಿದ್ದರು. ಒಂದು ವರ್ಷ ಬಿಟ್ಟು ನೋಡಿದಾಗ, ಶಿಬಿರಕ್ಕೆ ಹೋದವರಲ್ಲಿ ಮತ್ತೆ ತಪ್ಪು ಮಾಡಿ ಸಿಕ್ಕಿಬಿದ್ದವರು ಶೇಕಡಾ 20. ಹೋಗದವರಲ್ಲಿ ಶೇಕಡಾ 42. ಭರ್ಜರಿ ಫಲಿತಾಂಶ, ಅಲ್ವಾ? ಆದರೆ ಐದು ವರ್ಷ ಕಳೆಯುವಷ್ಟರಲ್ಲಿ ಆ ಅಂತರ ಕಿರಿದಾಗಿತ್ತು. ಬೆಟ್ಟ ಹತ್ತಿಸಿದವರು ಬೆಟ್ಟದಲ್ಲೇ ಉಳಿದರು. ಹುಡುಗರು ಹಳೇ ಬೀದಿಗೆ ವಾಪಸ್ ಬಂದರು. ಬೀದಿಯಲ್ಲಿ ಅವರ ಜೊತೆ ಯಾರಿದ್ದರು?

ಒಂದು ಪ್ರಸಂಗ ಹೇಳುತ್ತೇನೆ. ನನಗೆ ತುಂಬ ಇಷ್ಟವಾದದ್ದು, ಸ್ವಲ್ಪ ಉದ್ದ ಆಗಬಹುದು.

ಒಬ್ಬ ಹುಡುಗ ಬಂದಿದ್ದ. ಹದಿನೈದೋ ಹದಿನಾರೋ ವಯಸ್ಸು. ಮಾತೇ ಇಲ್ಲ. ಏನು ಕೇಳಿದರೂ ಭುಜ ಹಾರಿಸುತ್ತಿದ್ದ. ಜೊತೆಗೆ ಬಂದದ್ದು ಅವನ ಸೋದರಮಾವ. ದಪ್ಪ ಮೈಯ ಮನುಷ್ಯ. ಬಂದ ದಿನವೇ ನನ್ನನ್ನು ಪಕ್ಕಕ್ಕೆ ಕರೆದು, "ನಾನು ನೋಡ್ಕೊಂಡು ಕೂತಿರ್ತೀನಿ ಸರ್, ಅವನಿಗೆ ಚೆನ್ನಾಗಿ ಕಲಿಸಿ" ಅಂದರು. ಆಗಲಿ, ನಾಳೆ ನೋಡೋಣ ಅಂದೆ.

ಮಾರನೇ ದಿನ ಬಂಡೆ ಹತ್ತುವುದು. ನಮ್ಮಲ್ಲಿ ಮೊದಲು ಹತ್ತುವವರು ದೊಡ್ಡವರು. ಕೆಳಗೆ ನಿಂತು ಹಗ್ಗ ಹಿಡಿಯುವವರು ಮಕ್ಕಳು. ಹಗ್ಗ ಹಿಡಿಯುವುದಕ್ಕೆ ಬಿಲೇ ಅನ್ನುತ್ತಾರೆ. ಬಂಡೆಯ ತುದಿಯಲ್ಲಿ ಗಟ್ಟಿಯಾಗಿ ಆಂಕರ್, ಅಂದರೆ ಹಗ್ಗಕ್ಕೆ ಆಧಾರ, ಕಟ್ಟಿರುತ್ತಾರೆ. ಹಗ್ಗದ ಒಂದು ತುದಿ ಹತ್ತುವವರ ಸೊಂಟ, ತೊಡೆಗೆ ಬಿಗಿದ ಪಟ್ಟಿಗೆ, ಅಂದರೆ ಹಾರ್ನೆಸ್‌ಗೆ, ಎಂಟರ ಆಕಾರದ ಗಂಟಿನಲ್ಲಿ ಸೇರಿರುತ್ತದೆ. ಹಗ್ಗ ಅಲ್ಲಿಂದ ಮೇಲೆ ಹೋಗಿ, ಆಂಕರ್ ಬಳಸಿ, ಕೆಳಗೆ ನಿಂತವರ ಸೊಂಟದಲ್ಲಿರುವ, ಹಗ್ಗ ಜಾರದಂತೆ ತಡೆಯಲು ನೆರವಾಗುವ ಪುಟ್ಟ ಸಾಧನದೊಳಗೆ ಬರುತ್ತದೆ. ಹತ್ತುವವರು ಮೇಲೆ ಹೋದ ಹಾಗೆಲ್ಲ ಕೆಳಗಿನವರು ಸಡಿಲವಾದ ಹಗ್ಗ ಎಳೆದುಕೊಳ್ಳುತ್ತಾ ಇರಬೇಕು. ನಿಯಮ ಒಂದೇ. ಬ್ರೇಕ್ ಹಿಡಿಯುವ ಕೈ ಹಗ್ಗ ಬಿಡಬಾರದು. ಮೂಗು ತುರಿಸಿದರೂ ಸರಿ, ಕಣ್ಣಿಗೆ ಬೆವರು ಇಳಿದರೂ ಸರಿ, ಬಿಡಬಾರದು.

ಮಾವನ ತೂಕದ ಅರ್ಧ ಇದ್ದಾನೆ ಹುಡುಗ. ಅದಕ್ಕೇ ಅವನ ಹಾರ್ನೆಸ್ಸನ್ನು ಹಿಂದಿನ ಮರಕ್ಕೆ ಕಟ್ಟಿದೆವು. ಅವನ ಕೈಯಾಚೆಯ ಹಗ್ಗವನ್ನು ನಾನೂ ಹಿಡಿದುಕೊಂಡೆ. ಅಪಾಯ ಏನೂ ಇಲ್ಲ. ಅದು ನನಗೆ ಗೊತ್ತು. ಮಾವನಿಗೆ ಎಲ್ಲಿಂದ ಗೊತ್ತಾಗಬೇಕು? ಅವರು ಕೆಳಗೆ ನೋಡಿದರೆ ಕಾಣುವುದು, ಮನೆಯಲ್ಲಿ ಯಾರೂ ನಂಬದ ಈ ಹುಡುಗ.

ಬಂಡೆಯ ಅರ್ಧಕ್ಕೆ ಹೋದವರು ಅಲ್ಲೇ ನಿಂತರು. ಮುಂದಿನ ಹಿಡಿತ ಕಾಣುತ್ತಿಲ್ಲ. ಒಂದು ಕಾಲು ಹೊಲಿಗೆ ಮೆಷಿನ್ ಥರ ನಡುಗುತ್ತಿದೆ. ಬಂಡೆ ಹತ್ತಿದವರಿಗೆಲ್ಲ ಈ ನಡುಕ ಗೊತ್ತು. "ಸರ್, ಇಳಿಸಿಬಿಡಿ" ಅಂತ ನನ್ನನ್ನು ಕೂಗಿದರು. ನಾನು ಉತ್ತರ ಕೊಡಲಿಲ್ಲ. ಬೇಕಂತಲೇ ಸುಮ್ನೆ ಇದ್ದೆ. ಹಗ್ಗ ನನ್ನದಲ್ಲವಲ್ಲ.

ಆಗ ಹುಡುಗ ಬಾಯಿಬಿಟ್ಟ. "ಮಾಮಾ, ಕೆಳಗೆ ನೋಡ್ಬೇಡ. ಬಲಗಾಲು ಮೇಲೆ ತಗೋ. ಇನ್ನೂ ಸ್ವಲ್ಪ. ಅಲ್ಲೊಂದು ಅಂಚು ಇದೆ." ಮಾವ ಕಾಲು ಎತ್ತಿದರು, ಅಂಚು ಸಿಕ್ಕಿತು. ಕೈ ಚಾಚಿದರು, ಜಾರಿದರು. ಎರಡು ಅಡಿ ಬಿದ್ದಿರಬಹುದು, ಅಷ್ಟೇ. ಹಗ್ಗ ಬಿಗಿಯಿತು. ಹುಡುಗ ತುದಿಗಾಲಿಗೆ ಬಂದ. ಹಿಂದೆ ಮರಕ್ಕೆ ಕಟ್ಟಿದ್ದ ಪಟ್ಟಿ ಟಪ್ ಅಂತ ಬಿಗಿಯಿತು. ನಾನು ನೋಡಿದ್ದು ಅವನ ಬಲಗೈಯನ್ನು. ಮುಷ್ಟಿ ತೊಡೆಯ ಪಕ್ಕ ಕಚ್ಚಿಕೊಂಡಿತ್ತು, ಬೆರಳ ಗಿಣ್ಣುಗಳೆಲ್ಲ ಬೆಳ್ಳಗಾಗಿದ್ದವು. ಬಿಟ್ಟಿರಲಿಲ್ಲ. "ಹಿಡ್ಕೊಂಡಿದೀನಿ ಮಾಮಾ" ಅಂದ.

ಕೆಳಗಿಳಿದ ಮೇಲೆ ಮಾವ ಭೇಷ್ ಅನ್ನಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. ಏದುಸಿರು ಬಿಡುತ್ತಾ, "ಕೈ ನೋಯ್ತೇನೋ?" ಅಂತ ಕೇಳಿದರು. ಹುಡುಗ ಇಲ್ಲ ಅಂದ. ಸಂಜೆ ಎಲ್ಲರೂ ವೃತ್ತವಾಗಿ ಕೂತು ಆ ದಿನದ ಬಗ್ಗೆ ಮಾತಾಡುವಾಗ, ಮಾವ ತಾವಾಗಿಯೇ ಹೇಳಿದರು, "ನನಗೆ ಜೀವ ಹೋದ ಹಾಗಾಗಿತ್ತು" ಅಂತ. ಮನೆಯಲ್ಲಿ ಬೈಯುವ, ಹೆದರಿಸುವ ಮನುಷ್ಯ ತನಗೂ ಭಯ ಆಯ್ತು ಅಂದದ್ದನ್ನು ಆ ಹುಡುಗ ಅವತ್ತೇ ಮೊದಲು ಕೇಳಿದ್ದು. ಮಾರನೇ ದಿನ ಅವನು ಹತ್ತುವ ಸರದಿ. ಹಗ್ಗ ಮಾವನ ಕೈಯಲ್ಲಿ. ಹತ್ತುವ ಮೊದಲು ಮಾವನ ಸೊಂಟದ ಸಾಧನ, ಅದನ್ನು ಸಿಕ್ಕಿಸುವ ಕ್ಯಾರಬೈನರ್ ಎಂಬ ಲೋಹದ ಕೊಂಡಿ, ಎಲ್ಲ ಒಂದೊಂದಾಗಿ ಎಳೆದು ನೋಡಿದ. ಮಾವ ಸುಮ್ಮನೆ ನಿಂತು ನೋಡಿಸಿಕೊಂಡರು.

ಹುಡುಗ ಬದಲಾಗಿಬಿಟ್ಟ ಅಂತ ನಾನು ಹೇಳುತ್ತಿಲ್ಲ. ಶಿಬಿರ ಮುಗಿದು ಕೆಲವು ತಿಂಗಳಿಗೆ ಮತ್ತೆ ಮನೆ ಬಿಟ್ಟು ಹೋದ. ಆದರೆ ಹೋದವನು ರಾತ್ರಿ ಯಾರದೋ ಫೋನಿಂದ ಮಾವನಿಗೆ ಕರೆ ಮಾಡಿದ. ಎಲ್ಲಿದ್ದೀನಿ ಅಂತ ಹೇಳಿದ. ಮಾವ ಬೈಯದೆ ಹೊರಟರು. ನಾನೊಬ್ಬನೇ ಅವನಿಗೆ ಬಂಡೆ ಹತ್ತಿಸಿ ಕಳಿಸಿದ್ದರೆ, ಆ ರಾತ್ರಿ ಅವನು ಯಾರಿಗೆ ಫೋನ್ ಮಾಡಬೇಕಿತ್ತು ಹೇಳಿ?

ಜೊತೆಗೆ ಹೋಗಬೇಕಾದವರು ಅಪ್ಪ ಅಮ್ಮನೇ ಅಂತೇನಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಅವರ ತಂಡ ದಶಕಗಳ ಕಾಲ ಹಿಂಬಾಲಿಸಿತು. ಅವರಲ್ಲಿ ಬಡತನ, ಮನೆಯ ಜಗಳ, ಕಾಯಿಲೆಗಳ ನಡುವೆ ಬೆಳೆದವರು ಸುಮಾರು ಮೂರರಲ್ಲಿ ಒಂದು ಪಾಲು. ಅಂಥ ಮಕ್ಕಳಲ್ಲೂ ಮೂರರಲ್ಲಿ ಒಬ್ಬರು ಚೆನ್ನಾಗಿ ಬಾಳಿದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು, ನೆಚ್ಚಿಕೊಳ್ಳಲು ಸಿಕ್ಕ ಒಬ್ಬ ದೊಡ್ಡವರು. ಅಜ್ಜಿ, ಮೇಷ್ಟ್ರು, ಪಕ್ಕದ ಮನೆಯವರು, ಯಾರೋ ಒಬ್ಬರು. ಒಬ್ಬರು ಸಾಕು ಕೇಳುಗರೆ. ಆದರೆ ಆ ಒಬ್ಬರು ಉಳಿಯಬೇಕು. ಮಾರ್ಗದರ್ಶಕರನ್ನು ಮಕ್ಕಳಿಗೆ ಜೋಡಿಸುವ ಕಾರ್ಯಕ್ರಮಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ್ದಾರೆ. ವರ್ಷ ದಾಟಿದ ಒಡನಾಟದಿಂದಲೇ ಹೆಚ್ಚು ಲಾಭ. ಮೂರು ತಿಂಗಳೊಳಗೆ ಕೈಬಿಟ್ಟರೆ ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತಲೂ ಕುಗ್ಗಿತು. ಹಾಗಾಗಿ ಶಿಬಿರದ ಫೋಟೋಗೆ ಮಾತ್ರ ಬರುವವರು ದಯವಿಟ್ಟು ಬರಬೇಡಿ.

ಸಮಯ ಆಯ್ತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಮಿಲಿಟರಿ ಶಿಸ್ತಿನ ಬೂಟ್ ಕ್ಯಾಂಪ್ ಬೇಡ. ಕಿರುಚಿ, ಓಡಿಸಿ, ಅವಮಾನ ಮಾಡಿ ಯಾವ ಮಗುವೂ ಸರಿಹೋಗಲ್ಲ. ಅಮೆರಿಕದಲ್ಲಿ ವರ್ಷಗಟ್ಟಲೆ ಮಾಡಿ ನೋಡಿದ್ದಾರೆ, ಅಪರಾಧ ಕಡಿಮೆ ಆಗಲಿಲ್ಲ. ಜೈಲು ತೋರಿಸಿ ಹೆದರಿಸುವ ಕಾರ್ಯಕ್ರಮಗಳಂತೂ ಇನ್ನಷ್ಟು ಕೆಡಿಸಿದವು. ತಪ್ಪು ಮಾಡಿದ ಹುಡುಗರನ್ನೇ ಒಟ್ಟುಗೂಡಿಸಿ ಬಿಟ್ಟರೂ ಕಷ್ಟ. ಒಬ್ಬ ಪುಂಡಾಟದ ಕಥೆ ಹೇಳುತ್ತಾನೆ, ಹತ್ತು ಜನ ನಗುತ್ತಾರೆ, ಹನ್ನೊಂದನೆಯವನು ಕಲಿಯುತ್ತಾನೆ. ಗುಂಪಿನಲ್ಲಿ ಎಲ್ಲ ಥರದ ಮಕ್ಕಳೂ ಇರಲಿ, ದೊಡ್ಡವರೂ ಇರಲಿ. ಅದಕ್ಕೂ ನೀವೇ ಬೇಕು, ನೋಡಿ.

ಶಿಬಿರದವರನ್ನು ಪ್ರಶ್ನೆ ಕೇಳಲು ಸಂಕೋಚ ಬೇಡ. ಪ್ರಥಮ ಚಿಕಿತ್ಸೆ ಕಲಿತವರು ಯಾರಿದ್ದಾರೆ? ಹತ್ತಿರದ ಆಸ್ಪತ್ರೆಗೆ ಎಷ್ಟು ಹೊತ್ತು? ಮಗು ಬೇಡ ಅಂದರೆ ಒತ್ತಾಯ ಮಾಡ್ತೀರಾ? ಎಷ್ಟು ಎತ್ತರಕ್ಕೆ ಹೋಗಬೇಕು ಅನ್ನುವುದನ್ನು ಹತ್ತುವವರೇ ತೀರ್ಮಾನಿಸಬೇಕು. ಊಟ ಕೊಡದೆ ಶಿಕ್ಷಿಸುವ ಜಾಗ, ಮನೆಯವರ ಜೊತೆ ಮಾತಾಡಲು ಬಿಡದ ಜಾಗ ಆದರೆ ಅಲ್ಲಿಗೆ ಕಾಲಿಡಬೇಡಿ. ಮಾತಾಡಲು ಬಿಡುತ್ತಾರೋ ಇಲ್ಲವೋ ಅನ್ನುವ ಪ್ರಶ್ನೆಯೇ ನೀವು ಜೊತೆಗಿದ್ದರೆ ಬರುವುದಿಲ್ಲ ಅನ್ನಿ.

ಇನ್ನು ಬರುವವರಿಗೆ. ಹತ್ತಲಾಗದಿದ್ದರೆ ಪರವಾಗಿಲ್ಲ, ಹಗ್ಗ ಹಿಡಿಯಿರಿ. ಮಂಡಿ ನೋವು, ಬಿಪಿ, ಆಸ್ತಮಾ ಏನಿದ್ದರೂ ಮೊದಲೇ ಬರೆದು ಕೊಡಿ. ಬೆಂಕಿಯ ಸುತ್ತ ಕೂತಾಗ ಉಪದೇಶ ಶುರು ಮಾಡಬೇಡಿ, ಅದು ಅವನಿಗೆ ಮನೆಯಲ್ಲೇ ಬೇಕಾದಷ್ಟು ಸಿಕ್ಕಿದೆ. ಮತ್ತೆ, ದಯವಿಟ್ಟು ಹೊಸ ಶೂ ಹಾಕಿಕೊಂಡು ಬರಬೇಡಿ. ಮೊದಲ ದಿನವೇ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು, ಆಮೇಲೆ ಟೆಂಟಿನಲ್ಲಿ ಕೂರುವವರು ಯಾವಾಗಲೂ ದೊಡ್ಡವರೇ. ಹೊಸದು ಕೊಂಡಿದ್ದರೆ ಎರಡು ವಾರ ಮುಂಚೆಯೇ ಹಾಕಿಕೊಂಡು ಸಂಜೆ ನಡೆಯಿರಿ. ಹುಡುಗನನ್ನೂ ಕರೆಯಿರಿ. ಮೊದಲ ದಿನ ಬರಲ್ಲ ಅಂತಾನೆ. ಮಾರನೇ ದಿನ ಮತ್ತೆ ಕರೆಯಿರಿ.

ನಮಸ್ಕಾರ.