ಕಾರಿಗೊಂದು ಚಪ್ಪರ: ಆನಿಂಗ್ ಕೊಳ್ಳುವ ಮುಂಚೆ ಒಮ್ಮೆ ಮಡಚಿ ನೋಡಿ

[ದೃಶ್ಯ: ಬೆಳಗಿನ ಜಾವ. ಸಕಲೇಶಪುರದ ಹತ್ತಿರ ಕಾಫಿ ತೋಟದ ಕಣ. ಕಾರಿನ ಎಡಬದಿಗೆ ಆನಿಂಗ್ ಬಿಚ್ಚಿದೆ. ಬಟ್ಟೆಯ ನಡುವೆ ನೀರು ನಿಂತು ಹೊಟ್ಟೆ ಬಂದ ಹಾಗೆ ಜೋತಿದೆ.]

ನಮಸ್ಕಾರ. ಕಾರಿನ ಪಕ್ಕಕ್ಕೆ ಬಿಚ್ಚಿಕೊಳ್ಳುವ ಈ ಬಟ್ಟೆಯ ಚಪ್ಪರವೇ ಆನಿಂಗ್. ಇದರ ಹೊಟ್ಟೆ ನೋಡಿ. ರಾತ್ರಿ ಬಂದ ಮಳೆ ಇಲ್ಲಿ ಬಂದು ಕೂತಿದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಈ ಬಟ್ಟೆ ಎರಡೂವರೆ ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ. ಅಂದರೆ 6.25 ಚದರ ಮೀಟರ್. ಇದರ ಮೇಲೆ 10 ಮಿಲಿಮೀಟರ್ ಮಳೆ ಬಿತ್ತು ಅಂತ ಇಟ್ಟುಕೊಳ್ಳಿ. ಮಲೆನಾಡಿನವರು ಅದನ್ನು ಮಳೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಅಷ್ಟಕ್ಕೇ 62 ಲೀಟರ್ ನೀರು ಆಯಿತು. ಲೀಟರಿಗೆ ಒಂದು ಕೆ.ಜಿ. ಹರಿದುಹೋಗಲು ದಾರಿ ಇಲ್ಲದಿದ್ದರೆ ಒಬ್ಬ ದೊಡ್ಡ ಮನುಷ್ಯ ನಿಮ್ಮ ಚಪ್ಪರದ ಮೇಲೆ ಹತ್ತಿ ಮಲಗಿದ ಹಾಗೆ.

[ದೃಶ್ಯ: ಪೊರಕೆ ಹಿಡಿಯಿಂದ ಕೆಳಗಿನಿಂದ ಮೆಲ್ಲಗೆ ಎತ್ತುವುದು. ನೀರು ದಬದಬ ಅಂತ ಅಂಚಿನಿಂದ ಬೀಳುವುದು.]

ಇವತ್ತು ನಿಮಗೆ ತೋರಿಸಲು ಬೇಕಂತಲೇ ಸಮತಟ್ಟಾಗಿ ಕಟ್ಟಿದ್ದೆ. ಮೊದಲನೇ ಸಲ ಬೇಕಂತ ಕಟ್ಟಿರಲಿಲ್ಲ, ಗೊತ್ತಿಲ್ಲದೆ ಕಟ್ಟಿದ್ದೆ. ರಾತ್ರಿ ಮೂರು ಗಂಟೆಗೆ ಆನಿಂಗ್‌ನ ಒಂದು ಕಾಲು ಬಗ್ಗಿ, ಅಷ್ಟೂ ನೀರು ಕೆಳಗೆ ಮಡಚುವ ಮಂಚದಲ್ಲಿ ಮಲಗಿದ್ದ ನಮ್ಮ ಭಾವನ ಮೇಲೆ ಬಿತ್ತು. ಭಾವ ಎದ್ದು ಹೇಳಿದ್ದು ಒಂದೇ ಮಾತು: "ಟಾರ್ಪಾಲು ಸಾಕಿತ್ತಲ್ಲೋ."

ಆ ಮಾತಿನಿಂದಲೇ ಶುರು ಮಾಡೋಣ. ಯಾಕೆಂದರೆ ಅದು ಸುಳ್ಳಲ್ಲ.

ವರ್ಷಕ್ಕೆ ಎರಡೇ ಸಲ ಹೊರಗೆ ಹೋಗುವವರಾದರೆ ಆನಿಂಗ್ ಬೇಡ. ಒಂದು ಒಳ್ಳೆಯ ಸಿಲ್ಪಾಲಿನ್ (ಪ್ಲಾಸ್ಟಿಕ್ ಟಾರ್ಪಾಲು) ಹಾಳೆ, ಎರಡು ಕೋಲು, ನೈಲಾನ್ ಹಗ್ಗ ಇದ್ದರೆ ಆಯಿತು. ಹಾಳೆಯ ಒಂದು ಅಂಚನ್ನು ಕಾರಿನ ಛಾವಣಿಯ ಕ್ಯಾರಿಯರ್‌ಗೆ ಕಟ್ಟಿ, ಇನ್ನೊಂದು ಅಂಚನ್ನು ಕೋಲಿನ ಮೇಲೆ ಎತ್ತಿ. ತೋಟದಲ್ಲಿ ಜಾಗ ಕೊಟ್ಟವರನ್ನು ಕೇಳಿದರೆ ಅಡಿಕೆ ದಬ್ಬೆಯೂ ಸಿಗುತ್ತದೆ. ಕಟ್ಟಲು ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟೇ ಕಷ್ಟ. ಆನಿಂಗ್‌ಗೆ ನೀವು ದುಡ್ಡು ಕೊಡುವುದು ಆ ಅರ್ಧ ಗಂಟೆ ಉಳಿಸಲು. ನೆರಳು, ಮಳೆಯಿಂದ ರಕ್ಷಣೆ ಟಾರ್ಪಾಲೂ ಕೊಡುತ್ತದೆ.

ಹಾಗಾದರೆ ಸಮಯ ಉಳಿಸದ ಆನಿಂಗ್ ತಗೊಂಡು ಏನು ಪ್ರಯೋಜನ, ಅಲ್ವಾ? ಅದಕ್ಕೇ ಅಂಗಡಿಯವರು ಬಿಚ್ಚಿ ತೋರಿಸುವುದನ್ನು ನೋಡಿ ಮರುಳಾಗಬೇಡಿ. ಬಿಚ್ಚುವುದು ಎಲ್ಲದರಲ್ಲೂ ಸುಲಭ. "ಈಗ ನಾನೊಬ್ಬನೇ ಮಡಚಿ ಚೀಲಕ್ಕೆ ಹಾಕುತ್ತೇನೆ, ನೋಡ್ತಾ ಇರಿ" ಅನ್ನಿ. ಚೀಲದ ಜಿಪ್ ಪೂರ್ತಿ ಹಾಕುವಷ್ಟರಲ್ಲಿ ಬೆವರು ಬಂತು ಅಂದರೆ, ಒದ್ದೆ ಬಟ್ಟೆಯಲ್ಲಿ, ಮಳೆಯಲ್ಲಿ, ಮಕ್ಕಳು ಕಾರಿನೊಳಗಿಂದ ಕೂಗುತ್ತಿರುವಾಗ ಏನಾಗುತ್ತದೆ ಯೋಚಿಸಿ.

[ದೃಶ್ಯ: ಎರಡು ಆನಿಂಗ್‌ಗಳು ಅಕ್ಕಪಕ್ಕ. ಒಂದು ನೇರ ಚೌಕ, ಇನ್ನೊಂದು ಬೀಸಣಿಗೆ ಆಕಾರ.]

ಮುಖ್ಯವಾಗಿ ಎರಡು ಜಾತಿ ಇದೆ.

ಮೊದಲನೆಯದು ಸೀದಾ ಎಳೆಯುವ ಆನಿಂಗ್. ಕಾರಿನ ಪಕ್ಕಕ್ಕೆ ಉದ್ದ ಚೀಲ. ಜಿಪ್ ತೆಗೆದು ಸುರುಳಿ ಎಳೆದರೆ ಬಟ್ಟೆ ಬರುತ್ತದೆ. ಮುಂದಿನ ಕಂಬಿಯೊಳಗೇ ಎರಡು ಕಾಲು ಅಡಗಿರುತ್ತವೆ, ಅವನ್ನು ಇಳಿಸಿ ನಿಲ್ಲಿಸಬೇಕು. ಕಾರಿನಿಂದ ಎರಡು ತೋಳು ಬಂದು ಕಂಬಿಯನ್ನು ಬಿಗಿಯಾಗಿ ದೂಡಿ ಹಿಡಿಯುತ್ತವೆ. ತೂಕ ಸಾಮಾನ್ಯವಾಗಿ 10ರಿಂದ 15 ಕೆ.ಜಿ.

ಎರಡನೆಯದು 270 ಡಿಗ್ರಿ ಆನಿಂಗ್. ಕಾರಿನ ಹಿಂದಿನ ಮೂಲೆಯಲ್ಲಿ ಕೀಲು ಇರುತ್ತದೆ. ಅಲ್ಲಿಂದ ತೋಳುಗಳು ಬೀಸಣಿಗೆ ಬಿಚ್ಚಿದ ಹಾಗೆ ಸುತ್ತಿ ಬಂದು ಪಕ್ಕವನ್ನೂ ಹಿಂಭಾಗವನ್ನೂ ಮುಚ್ಚುತ್ತವೆ. ನೋಡಲು ಭರ್ಜರಿ. ಡಿಕ್ಕಿಯಿಂದ ಪಾತ್ರೆ ತೆಗೆಯುವಾಗಲೂ ನೆನೆಯುವುದಿಲ್ಲ. ತೂಕ ಮಾತ್ರ 20 ಕೆ.ಜಿ. ದಾಟುತ್ತದೆ. ಬೆಲೆಯೂ ಸೀದಾ ಆನಿಂಗ್‌ಗಿಂತ ಬಹಳ ಜಾಸ್ತಿ.

"ಕಾಲೇ ಬೇಡ, ತಾನಾಗೇ ನಿಲ್ಲುತ್ತದೆ" ಅಂತ ಕೆಲವು 270 ಮಾಡೆಲ್‌ಗಳನ್ನು ಮಾರುತ್ತಾರೆ. ಚಹಾ ಕುಡಿಯುವಷ್ಟು ಹೊತ್ತಿಗೆ ನಿಜ. ರಾತ್ರಿಗೆ ಕಾಲು ಕೊಟ್ಟೇ ಮಲಗಿ.

ಕಾಲು ಯಾಕೆ ಅಂದರೆ, ಗಾಳಿ. ಗಂಟೆಗೆ 40 ಕಿ.ಮೀ. ವೇಗದ ಗಾಳಿ ನೇರವಾಗಿ ಹೊಡೆದರೆ ಚದರ ಮೀಟರಿಗೆ ಏಳೂವರೆ ಕೆ.ಜಿ. ತೂಕದಷ್ಟು ಒತ್ತಡ. ನಮ್ಮ 6.25 ಚದರ ಮೀಟರಿಗೆ ಸುಮಾರು 47 ಕೆ.ಜಿ. ಆಯಿತು. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಆನಿಂಗ್ ಮಲಗಿದ ಹಾಗಿರುತ್ತದೆ, ಆದ್ದರಿಂದ ಪೂರ್ತಿ ಏಟು ಬೀಳುವುದಿಲ್ಲ. ಆದರೆ ಅಡಿಯಿಂದ ಗಾಳಿ ನುಗ್ಗಿ ಎತ್ತಿದರೆ ಕೊಡೆ ಉಲ್ಟಾ ಆಗುತ್ತದಲ್ಲ, ಅದೇ ಕಥೆ. ಕೊಡೆಯಾದರೆ ಕೈಬಿಡಬಹುದು. ಇದು ಕಾರಿಗೆ ಬೋಲ್ಟ್ ಆಗಿದೆ.

[ದೃಶ್ಯ: ನೆಲದ ಮೇಲೆ ಹರಡಿದ ಗೂಟಗಳು. ಒಂದು ಬಳುಕಿ ಬಿಲ್ಲಿನ ಹಾಗಾಗಿದೆ.]

ಗಾಳಿಗೆ ಏಳದ ಹಾಗೆ ಹಗ್ಗ ಎಳೆದು ಕಟ್ಟಲು ಆನಿಂಗ್ ಜೊತೆ ಬರುವ ಗೂಟಗಳು ಇವು. ತಂತಿ ಇದ್ದ ಹಾಗಿವೆ. ನಮ್ಮ ಕರಾವಳಿಯ ಜಂಬಿಟ್ಟಿಗೆ ನೆಲಕ್ಕೆ ಹೊಡೆದು ನೋಡಿ, ಎರಡನೇ ಏಟಿಗೇ ಹೀಗೆ ಬಳುಕುತ್ತವೆ. ಬಯಲುಸೀಮೆಯ ಎರೆಮಣ್ಣಿನಲ್ಲಿ ಸಲೀಸಾಗಿ ಇಳಿಯುತ್ತವೆ, ಆದರೆ ಮಳೆ ಬಂದರೆ ಅಷ್ಟೇ ಸಲೀಸಾಗಿ ಎದ್ದುಬರುತ್ತವೆ. ಊರಿನ ಕಬ್ಬಿಣದ ಅಂಗಡಿಗೆ ಹೋಗಿ ಅರ್ಧ ಇಂಚು ಸರಳಿನಲ್ಲಿ ಒಂದೂವರೆ ಅಡಿಯ ಗೂಟ ಎಂಟು ಮಾಡಿಸಿ, ಒಂದು ತುದಿ ಚೂಪು, ಇನ್ನೊಂದು ತುದಿಗೆ ಬಳೆ. ದನ ಕಟ್ಟುವ ಗೂಟ ಅಂದರೆ ಅವರಿಗೆ ಅರ್ಥ ಆಗುತ್ತದೆ. ಗೂಟವನ್ನು ನೆಟ್ಟಗೆ ಹೊಡೆಯಬೇಡಿ. ತಲೆ ಆನಿಂಗ್‌ನಿಂದ ಆಚೆಗೆ ವಾಲಿರಬೇಕು.

ಇನ್ನು ಸಮುದ್ರದ ಮರಳಿನಲ್ಲಿ ಯಾವ ಗೂಟವೂ ನಿಲ್ಲುವುದಿಲ್ಲ. ಅಕ್ಕಿಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದೂವರೆ ಅಡಿ ಗುಂಡಿಯಲ್ಲಿ ಹೂತುಬಿಡಿ. ಅದನ್ನು ಕೀಳಲು ನಿಮಗೇ ಆಗುವುದಿಲ್ಲ, ಗಾಳಿಗೆಲ್ಲಿ ಆಗುತ್ತದೆ.

ಈಗ ಕಾರಿನ ಕಡೆ ಬರೋಣ. ಎಲ್ಲ ಕಾರಿಗೂ ಎಲ್ಲ ಆನಿಂಗ್ ಕೂರುವುದಿಲ್ಲ.

ನಿಮ್ಮ ಕಾರಿನ ಮ್ಯಾನ್ಯುಯಲ್ ತೆಗೆದು ಛಾವಣಿ ಎಷ್ಟು ತೂಕ ತಡೆಯುತ್ತದೆ ಅಂತ ಓದಿ. ಅಲ್ಲಿರುವುದು ಗಾಡಿ ಓಡುವಾಗಿನ ತೂಕ. ಕ್ಯಾರಿಯರ್ ತೂಕವೂ ಅದರಲ್ಲೇ ಸೇರಬೇಕು. ಕಬ್ಬಿಣದ ದೊಡ್ಡ ಕ್ಯಾರಿಯರ್, ಮೇಲೆ 270 ಡಿಗ್ರಿ ಆನಿಂಗ್, ಮೇಲೊಂದು ನೀರಿನ ಕ್ಯಾನ್ ಅಂತ ಹಾಕಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೀವೇ ನೋಡಿ. ಆನಿಂಗ್ ಒಂದೇ ಪಕ್ಕಕ್ಕೆ ನೇತಾಡುವ ವಸ್ತು. ಘಾಟಿಯ ತಿರುವಿನಲ್ಲಿ ಆ ತೂಕ ಗೊತ್ತಾಗುತ್ತದೆ.

ಬಟ್ಟೆ ಛಾವಣಿಯ ಗಾಡಿಗೆ ಇದು ಆಗದ ಮಾತು. ಹಳೆಯ ಓಮ್ನಿ, ಸುಮೋ ಇರುವವರು ಅದೃಷ್ಟವಂತರು. ಅವುಗಳ ಛಾವಣಿಯ ಅಂಚಿನಲ್ಲಿ ಮಳೆನೀರಿನ ಗಟರ್ ಇದೆ, ಕ್ಯಾರಿಯರ್ ಅಲ್ಲೇ ಗಟ್ಟಿಯಾಗಿ ಹಿಡಿಯುತ್ತದೆ. ಜಿಮ್ನಿ, ಮೂರು ಬಾಗಿಲಿನ ಥಾರ್ ಎರಡೂ 3,985 ಮಿಲಿಮೀಟರ್ ಉದ್ದ.  ಬಾನೆಟ್ ಕಳೆದರೆ ಛಾವಣಿ ಇನ್ನೂ ಗಿಡ್ಡ. ಅವಕ್ಕೆ ಎರಡು ಮೀಟರ್ ಚೀಲವೇ ಚೆಂದ. ಎರಡೂವರೆ ಮೀಟರ್ ಹಾಕಿದರೆ ಮುಂದಿನ ಗಾಜಿನ ಮೇಲೆ ಮೂಗು ಚಾಚಿ, ದಾರಿಯಿಡೀ ಗಾಳಿಗೆ ಶಿಳ್ಳೆ ಹಾಕುತ್ತಾ ಬರುತ್ತದೆ.

ಸೆಡಾನ್ ಇರುವವರೇ, ಬೇಜಾರಾಗಬೇಡಿ. ಹಾಕಬಹುದು. ಆದರೆ ಒಂದು ಪೇಚು ಇದೆ.

[ದೃಶ್ಯ: ಸೆಡಾನ್ ಪಕ್ಕ ಆನಿಂಗ್. ಒಳಗೆ ಹೋಗುವಾಗ ತಲೆ ತಾಗುವುದು.]

ಸೆಡಾನ್ ಎತ್ತರ ಸುಮಾರು ಒಂದೂವರೆ ಮೀಟರ್. ಆನಿಂಗ್‌ನ ಕಾರಿನ ಕಡೆಯ ಅಂಚು ಅದಕ್ಕಿಂತ ಜಾಸ್ತಿ ಮೇಲೇರುವುದಿಲ್ಲ. ನೀರು ಹೊರಗೆ ಹರಿಯಲಿ ಅಂತ ಆಚೆ ಅಂಚನ್ನು ತಗ್ಗಿಸಿದರೆ ನೀವು ಕೋಳಿಗೂಡಿಗೆ ನುಗ್ಗಿದ ಹಾಗೆ ನುಗ್ಗಬೇಕು. ಆಚೆ ಅಂಚನ್ನು ಎತ್ತಿದರೆ ನೀರು ಕಾರಿನ ಬಾಗಿಲಿಗೆ ಬರುತ್ತದೆ. ದಾರಿ ಏನು? ಮುಂದಿನ ಕಾಲನ್ನು ಎತ್ತರ ಮಾಡಿ, ಹಿಂದಿನ ಕಾಲನ್ನು ಒಂದು ಅಡಿ ಇಳಿಸಿ. ಇಳಿಸಿದ ಮೂಲೆಯ ಹಗ್ಗ ಬಿಗಿಯಾಗಿ ಎಳೆಯಿರಿ. ಆಗ ನೀರು ಓರೆಯಾಗಿ ಓಡಿ ಒಂದೇ ಮೂಲೆಯಲ್ಲಿ ಸುರಿಯುತ್ತದೆ. ಅಲ್ಲೊಂದು ಬಕೆಟ್ ಇಟ್ಟರೆ ಪಾತ್ರೆ ತೊಳೆಯಲು ನೀರೂ ಆಯಿತು. ಎಸ್‌ಯುವಿ ಇದ್ದವರೂ ಮಳೆಗಾಲದಲ್ಲಿ ಹೀಗೇ ಕಟ್ಟಿ. ಇಷ್ಟು ಗೊತ್ತಿದ್ದಿದ್ದರೆ ನಮ್ಮ ಭಾವ ಆ ರಾತ್ರಿ ಒಣಗಿಯೇ ಇರುತ್ತಿದ್ದರು.

ಯಾವ ಪಕ್ಕಕ್ಕೆ ಹಾಕಬೇಕು? ಎಡಕ್ಕೆ. ನಾವು ರಸ್ತೆಯ ಎಡಕ್ಕೆ ನಿಲ್ಲಿಸುವವರು. ಬಲಕ್ಕೆ ಹಾಕಿದರೆ ಲಾರಿ ಬರುವ ಕಡೆ ಕುರ್ಚಿ ಹಾಕಿ ಕೂರಬೇಕಾಗುತ್ತದೆ. ಸೀದಾ ಆನಿಂಗ್ ಯಾವ ಪಕ್ಕಕ್ಕಾದರೂ ಆಗುತ್ತದೆ. 270 ಡಿಗ್ರಿಯದರಲ್ಲಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಆನ್‌ಲೈನಲ್ಲಿ ತರಿಸುವಾಗ "ಪ್ಯಾಸೆಂಜರ್ ಸೈಡ್" ಅಂತ ಬರೆದಿದ್ದನ್ನು ನಂಬಿ ಒತ್ತಬೇಡಿ. ಅಮೆರಿಕದವರ ಪ್ಯಾಸೆಂಜರ್ ಸೈಡ್ ನಮ್ಮ ಡ್ರೈವರ್ ಸೈಡ್. ಆಸ್ಟ್ರೇಲಿಯಾದವರದ್ದಾದರೆ ನಮ್ಮ ಹಾಗೇ. ಹಾಗೇ ನಿಮ್ಮ ಹಿಂಬಾಗಿಲು ಮೇಲಕ್ಕೆ ತೆರೆಯುವುದಾದರೆ, ಆನಿಂಗ್ ಬಿಚ್ಚಿಟ್ಟು ಬಾಗಿಲು ಪೂರ್ತಿ ಎತ್ತಿ ನೋಡಿ. ಬಟ್ಟೆಗೆ ತಾಗಬಾರದು.

ಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ. ಪಾಲಿಯೆಸ್ಟರ್ ಹಗುರ, ಬೇಗ ಒಣಗುತ್ತದೆ, ಬಿಸಿಲಿಗೆ ಸ್ವಲ್ಪ ಕಾಯುತ್ತದೆ. ಹತ್ತಿ ಬೆರೆತ ಕ್ಯಾನ್ವಾಸ್ ಭಾರ, ಅಡಿಯಲ್ಲಿ ತಂಪು, ಒಣಗಲು ಎರಡು ದಿನ. ಹಂಪಿ, ಬಾದಾಮಿ ಕಡೆ ಓಡಾಡುವವರಿಗೆ ಕ್ಯಾನ್ವಾಸ್ ಸುಖ. ಮಲೆನಾಡಿಗೆ ಪಾಲಿಯೆಸ್ಟರ್ ಅಂತಲೇ ಹೇಳುತ್ತೇನೆ. ಪೆಟ್ಟಿಗೆಯ ಮೇಲೆ 2,000 ಎಂಎಂ, 3,000 ಎಂಎಂ ಅಂತ ಬರೆದಿರುತ್ತದೆ. ಅದು ಮಳೆಯ ಅಳತೆ ಅಲ್ಲ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರುವುದಿಲ್ಲ ಅಂತ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯಲ್ಲೂ 2,000 ಎಂಎಂ ಬಟ್ಟೆ ಸಾಕು. ಸೋರುವುದು ಬಟ್ಟೆಯಲ್ಲಲ್ಲ, ಹೊಲಿಗೆಯಲ್ಲಿ. ಒಳಗಿನಿಂದ ಹೊಲಿಗೆಯ ಮೇಲೆ ಟೇಪ್ ಅಂಟಿಸಿದ್ದಾರಾ ಅಂತ ಬೆರಳಾಡಿಸಿ ನೋಡಿ.

ಸ್ಟೌ ಹಚ್ಚುವುದಾದರೆ ಅಂಚಿನಾಚೆ ಹಚ್ಚಿ. ಕಿಡಿ ಹಾರಿದರೆ ಪಾಲಿಯೆಸ್ಟರ್ ಕರಗಿ ತೂತು. ಪಕ್ಕದ ಗೋಡೆಗಳನ್ನೂ ಕಟ್ಟಿಕೊಂಡು ಒಳಗೆ ಇದ್ದಿಲು ಹಚ್ಚುವುದಂತೂ ಜೀವಕ್ಕೇ ಅಪಾಯ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ.

ಕೂರಿಸುವಾಗ ಛಾವಣಿಗೆ ತೂತು ಕೊರೆಯಲು ಯಾರಿಗೂ ಬಿಡಬೇಡಿ. ತುಕ್ಕು ಒಂದು ಕಡೆ, ಕಾನೂನು ಇನ್ನೊಂದು ಕಡೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ನಾನಂತೂ ಎರಡು ಬ್ರಾಕೆಟ್, ನಾಲ್ಕು ಬೋಲ್ಟ್ ಹಾಕಿ, ಪ್ರವಾಸ ಮುಗಿದ ಮೇಲೆ ಕಳಚಿ ಮನೆಯಲ್ಲಿಡುತ್ತೇನೆ. ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ ಹಾಕಿ, ಮೊದಲ ನೂರು ಕಿಲೋಮೀಟರ್ ಆದಮೇಲೆ ನಿಲ್ಲಿಸಿ ಒಮ್ಮೆ ಬಿಗಿ ಮಾಡಿ. ಕಚ್ಚಾ ರಸ್ತೆ ಸಿಕ್ಕಿದರೆ ಮತ್ತೊಮ್ಮೆ. ಕಳಚದೆ ಮಾಲ್‌ಗೆ ಹೋದರೆ ಬೇಸ್‌ಮೆಂಟ್ ಬಾಗಿಲಿನ ಎತ್ತರದ ಬೋರ್ಡ್ ಓದಿ ಒಳಗೆ ಹೋಗಿ. ಮತ್ತೆ, ಜಾಗ ಚೆನ್ನಾಗಿದೆ ಅಂತ ಕಾಡಿನೊಳಗೆ ಬಿಚ್ಚಬೇಡಿ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ತಂಗುವುದು ತಪ್ಪು. ತೋಟದವರನ್ನು, ಹೋಮ್‌ಸ್ಟೇಯವರನ್ನು ಕೇಳಿ. ಹೀಗೊಂದು ಕಣ ಸಿಕ್ಕೇ ಸಿಗುತ್ತದೆ.

ಹಾಗಾದರೆ ನಾನು ಯಾವುದು ಇಟ್ಟುಕೊಂಡಿದ್ದೇನೆ? ಸೀದಾ ಎಳೆಯುವುದು, ಎರಡೂವರೆ ಮೀಟರಿನದು, ಪಾಲಿಯೆಸ್ಟರ್. ಒಂದು ಕಾಲದಲ್ಲಿ 270 ಡಿಗ್ರಿಯ ಆಸೆ ನನಗೂ ಇತ್ತು. ದಿನಕ್ಕೊಂದು ಊರು ಬದಲಿಸುತ್ತಾ ತಿಂಗಳುಗಟ್ಟಲೆ ಲಡಾಖ್ ಕಡೆ ಹೋಗುವವರಾದರೆ, ಗಟ್ಟಿ ಕ್ಯಾರಿಯರ್ ಇದ್ದರೆ, ತಗೊಳ್ಳಿ. ಶನಿವಾರ ಹೋಗಿ ಭಾನುವಾರ ಬರುವ ನಮ್ಮಂಥವರಿಗೆ ಆ ದುಡ್ಡಿನಲ್ಲಿ ಎಷ್ಟೊಂದು ಪ್ರವಾಸಕ್ಕೆ ಡೀಸೆಲ್ ಹಾಕಿಸಬಹುದು.

[ದೃಶ್ಯ: ಕ್ಯಾಮೆರಾ ಸ್ಟ್ಯಾಂಡ್ ಮೇಲೆ. ಮೂಲೆಯಲ್ಲಿ ಟೈಮರ್. ಒಬ್ಬನೇ ಮಡಚುವುದು.]

ಈಗ ಮಡಚುತ್ತೇನೆ. ಒದ್ದೆ ಇದೆ, ವಿಡಿಯೊ ಕತ್ತರಿಸದೆ ತೋರಿಸುತ್ತೇನೆ. ಮೊದಲು ನೀರು ಕೊಡವಬೇಕು. ಆಮೇಲೆ ತೋಳು. ಕಾಲನ್ನು ಕಂಬಿಯೊಳಗೆ ತಳ್ಳುವಾಗ ಬೆರಳು ಜೋಪಾನ. ಸುರುಳಿ ಬಿಗಿಯಾಗಿ ಸುತ್ತಿ, ಸಡಿಲ ಆದರೆ ಜಿಪ್ ಮುಚ್ಚುವುದಿಲ್ಲ. ಹಾಂ, ಬೆಲ್ಟ್. ಜಿಪ್. ಆರು ನಿಮಿಷ ಇಪ್ಪತ್ತು ಸೆಕೆಂಡ್.

ಒದ್ದೆ ಹಾಗೇ ಒಳಗೆ ಹೋಯಿತಲ್ಲ, ಮನೆ ಮುಟ್ಟಿದ ದಿನವೇ ಟೆರೇಸ್ ಮೇಲೆ ಬಿಚ್ಚಿ ಒಣಗಿಸಬೇಕು. ನಾಲ್ಕು ದಿನ ಮರೆತರೆ ಕಪ್ಪು ಬೂಸ್ಟು ಹಿಡಿಯುತ್ತದೆ, ಅದು ಯಾವ ಸೋಪಿಗೂ ಪೂರ್ತಿ ಹೋಗುವುದಿಲ್ಲ. ಅಪಾರ್ಟ್‌ಮೆಂಟ್‌ನವರು ಮೊದಲೇ ಅಸೋಸಿಯೇಶನ್‌ಗೆ ಹೇಳಿಟ್ಟಿರಿ. ನಮ್ಮಲ್ಲಿ ಯಾರದೋ ಮನೆಯಲ್ಲಿ ಮದುವೆ ಅಂದುಕೊಂಡು ಕೇಳಿಕೊಂಡು ಬಂದಿದ್ದರು.

[ದೃಶ್ಯ: ಕಣದ ಅಂಚಿನಲ್ಲಿ ಬಗ್ಗಿ ಹುಡುಕುವುದು.]

ಗೂಟ ಎಂಟು ಹೊಡೆದಿದ್ದೆ. ಕೈಯಲ್ಲಿ ಏಳಿದೆ. ಭಾವ, ಆ ಕಡೆ ಕಾಫಿ ಗಿಡದ ಬುಡದಲ್ಲಿ ಒಂಚೂರು ನೋಡ್ತೀರಾ? ಉಂಬಳ ಇವೆ, ಹುಷಾರು.